ಬಸ್ರೂರಿನವಳ ಎಲೆ

ಸತ್ತವರು ಬಂದು ಉಣ್ಣುತ್ತಾರೆ ಎಂದರೆ ಹೊಟ್ಟೆ ಹಿಡಿದು ನಗುತ್ತಿದ್ದವಳು ನಾನು. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಎಂದೂ ಅಲ್ಲ. ನಡೆದದ್ದನ್ನು ಹೇಳುತ್ತೇನೆ, ನೀವೇ ನೋಡಿ.

ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಪೀಟರ್ ಅಂಕಲ್ ಆಗಲೇ ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ಗೆ ಹೋಗಿಬಿಟ್ಟಿದ್ದರು. ಸಿಲೋನಿನ ಡಚ್ ವಂಶದವರು, ಒಂಟಿ ಜೀವ. ಹಾರ್ಟ್ ಆಪರೇಷನ್ ಹತ್ತಿರವಿತ್ತು. ಅಷ್ಟರೊಳಗೆ ತಮ್ಮ ಮೂಲಪುರುಷನ ಕಥೆ ಪೂರ್ತಿ ಮಾಡಬೇಕೆಂಬ ಹಟ. ಮನೆತನದ ಬೈಬಲ್ಲಿನ ಮೊದಲ ಹಾಳೆಗಳಲ್ಲಿ ಆ ಡಚ್ಚನ ಹಡಗು, ನಮ್ಮ ಉಡುಪಿ ಕಡೆಯ ಬಸ್ರೂರಿನ ಮೆಣಸಿನ ವ್ಯಾಪಾರ, ಸಿಲೋನಿನಲ್ಲಿ ಹುಟ್ಟಿದ ಮಕ್ಕಳು, ಎಲ್ಲವೂ ಇತ್ತು. ಹೆಂಡತಿಯ ಜಾಗದಲ್ಲಿ ‘ಬಸ್ರೂರಿನವಳು’ ಎಂದಷ್ಟೇ.

“ಆ ಅಜ್ಜಿಯ ಹೆಸರೂ ಗೊತ್ತಿಲ್ಲದೆ ಸತ್ತರೆ, ಮೇಲೆ ಯಾವ ಮುಖ ತೋರಿಸಲಿ?” ಎನ್ನುತ್ತಿದ್ದರು ಅಂಕಲ್.

ಆ ದೀಪಾವಳಿಗೆ, ಉಡುಪಿಯಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಅವರನ್ನು ನೋಡಲು ಹೋದೆ. ಕಥೆ ಕೇಳಿ ಅಮ್ಮನಿಗೆ ಸಿಟ್ಟೇ ಬಂತು. “ಹಡಗಿನ ಹೆಸರುಂಟು, ಹೆಂಡತಿಯದ್ದಿಲ್ಲ! ಎಂತ ಗಂಡಸರಪ್ಪ!” ಆಮೇಲೆ ನನ್ನತ್ತ ತಿರುಗಿ, “ಹಸಿವಿಗೆ ಹೆಸರು ಬೇಕಾ ಮಾರಾಯ್ತಿ? ನಮ್ಮ ಊರಿನವಳು. ಒಂದು ಎಲೆ ಹಾಕುವ” ಎಂದರು.

ನನಗೆ ನಾಚಿಕೆ. ಅಂಕಲ್ ಮಾತ್ರ ಕಣ್ಣೊರೆಸಿಕೊಂಡು ಒಪ್ಪಿದರು. ದೀಪಾವಳಿಗೆ ಹಿರಿಯರಿಗೆ ಬಡಿಸುವುದು ನಮ್ಮ ಕಡೆಯ ಕ್ರಮ. ಮಧ್ಯಾಹ್ನ ಆ ಡಚ್ಚನಿಗೊಂದು, ಅವನ ಹೆಂಡತಿಗೊಂದು ಬಾಳೆಲೆ ಹಾಕಿ, ದೋಸೆ, ಕೋಳಿ ಗಸಿ ಬಡಿಸಿದೆವು. ಅವರು ಉಣ್ಣುವಾಗ ನೋಡಬಾರದಂತೆ. ಹಿಂಬಾಗಿಲಿಗೆ ಚಿಲಕ ಹಾಕಿ, ಮುಂಬಾಗಿಲಿಗೆ ಬೀಗ ಹಾಕಿ ಮೂವರೂ ಹೊರಗೆ ನಿಂತೆವು. ಕೀ ನನ್ನ ಕೈಯಲ್ಲೇ ಇತ್ತು.

ಸ್ವಲ್ಪ ಹೊತ್ತಾದ ಮೇಲೆ, ನಾನು ಕೀ ತಿರುಗಿಸುವ ಮೊದಲು ಅಮ್ಮ ಕೆಮ್ಮಿದರು. ಏನೆಂದು ಕೇಳಿದೆ. “ಊಟಕ್ಕೆ ಕೂತವರಿಗೆ ಏಳ್ಲಿಕ್ಕೆ ಪುರುಸೊತ್ತು ಬೇಡ್ವಾ?”

ಬಾಗಿಲು ತೆಗೆದೆ. ಡಚ್ಚನ ಎಲೆ ಬಡಿಸಿದ ಹಾಗೇ ಇತ್ತು. ಅವಳ ಎಲೆ ಮಡಚಿತ್ತು. ಹೊಟ್ಟೆ ತುಂಬ ಉಂಡವರು ಮಡಚುವ ಹಾಗೆ, ತನ್ನ ಕಡೆಗೆ.

ಬಿಸಿಗೆ ಬಾಡಿ ಮಡಚಿಕೊಂಡಿತು ಎನ್ನಬಹುದು. ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಾಗಾದರೆ ಒಂದೇ ಪಾತ್ರೆಯಿಂದ ಬಡಿಸಿದ ಪಕ್ಕದ ಎಲೆ ಯಾಕೆ ಬಾಡಲಿಲ್ಲ? ಬಿಡಿಸಿ ನೋಡುವ ಧೈರ್ಯ ಯಾರಿಗೂ ಬರಲಿಲ್ಲ. ಅಮ್ಮ ಹಾಗೇ ಎತ್ತಿ ಹಿತ್ತಲಿನ ನಿಂಬೆ ಗಿಡದ ಬುಡದಲ್ಲಿ ಹೂತರು.

ಹೆಸರು ಕೊನೆಗೂ ಸಿಗಲಿಲ್ಲ. ಅಂಕಲ್ ಬೈಬಲ್ಲಿನ ‘ಬಸ್ರೂರಿನವಳು’ ಎಂಬುದರ ಮುಂದೆ ‘ನಮ್ಮ ಮನೆಯಲ್ಲಿ ಉಂಡಳು’ ಎಂದು ಬರೆದರು. ಆಪರೇಷನ್ನಿನಿಂದ ಅವರು ಏಳಲಿಲ್ಲ.

ಅಮ್ಮನೂ ಈಗಿಲ್ಲ. ದೀಪಾವಳಿಗೆ ಸಿಡ್ನಿಯ ಪೆಂಡಲ್ ಹಿಲ್‌ನಿಂದ ಬಾಳೆಲೆ ತಂದು ಮೂರು ಎಲೆ ಹಾಕುತ್ತೇನೆ: ಬಸ್ರೂರಿನವಳಿಗೊಂದು, ಅಂಕಲ್‌ಗೊಂದು, ಅಮ್ಮನಿಗೊಂದು. ನಂಬಿಕೆಯೇನೂ ಇಲ್ಲ ಎಂದು ಗಂಡನಿಗೆ ಹೇಳುತ್ತೇನೆ. ಆದರೆ ಬಾಗಿಲು ತೆಗೆಯುವ ಮೊದಲು ಕೆಮ್ಮುತ್ತೇನೆ.