ಬೈಯಲು ಬನ್ನಿ, ರಸೀದಿ ಕೊಡುತ್ತೇವೆ

ಊರಿನವರಿಗೆಲ್ಲ ಗೊತ್ತಿದ್ದು, ಯಾರೂ ಕಣ್ಣಿಂದ ನೋಡಿರದ ಒಬ್ಬರಿದ್ದರು. ದೇವರ ವಿಷಯ ಹೇಳುತ್ತಿಲ್ಲ, ರೈಲು ನಿಲ್ದಾಣದ ಅನೌನ್ಸರ್ ಮೇಡಂ ವಿಷಯ. ಮೂವತ್ತಮೂರು ವರ್ಷ ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕುಳಿತು, ಬಾಗಿದ ಕತ್ತಿನ ಮೈಕಿನ ಮುಂದೆ, ಯಾವ ಗಾಡಿ ಎಷ್ಟನೇ ಪ್ಲಾಟ್‌ಫಾರ್ಮಿಗೆ ಎಷ್ಟು ತಡವಾಗಿ ಬರುತ್ತದೆಂದು ಹೇಳಿದವರು. ಬಾಯಿ ತೆರೆದರೆ ಮೊದಲು ಬರುವುದು ‘ದಯವಿಟ್ಟು ಗಮನಿಸಿ’ ಆದ್ದರಿಂದ ಪೋರ್ಟರುಗಳು ಅವರಿಗೆ ‘ದಯವಿಟ್ಟು ಮೇಡಂ’ ಎಂದು ಹೆಸರಿಟ್ಟಿದ್ದರು. ದಿನಕ್ಕೆ ನೂರು ಸಲ ದಯವಿಟ್ಟು ಅಂದವರು, ಬದುಕಿನಲ್ಲಿ ಪಕ್ಕದ ಮನೆಗೆ ಹೋಗಿ ಒಂದು ಚಮಚ ಸಕ್ಕರೆಯನ್ನೂ ಕೇಳಿದವರಲ್ಲ. ಸಕ್ಕರೆ ಮುಗಿದರೆ ಆ ದಿನ ಮನೆಯಲ್ಲಿ ಸಪ್ಪೆ ಚಹಾ.

ನಿವೃತ್ತಿಯ ಹಿಂದಿನ ವರ್ಷ ಇಲಾಖೆಯವರು ಅವರನ್ನು ಎರಡು ದಿನ ಒಂದು ಕೋಣೆಯಲ್ಲಿ ಕೂರಿಸಿ, ಸೊನ್ನೆಯಿಂದ ಒಂಬತ್ತರವರೆಗೆ ಅಂಕಿಗಳನ್ನು, ಊರುಗಳ ಹೆಸರುಗಳನ್ನು, ‘ತಡವಾಗಿ’, ‘ಅಡಚಣೆಗಾಗಿ ವಿಷಾದಿಸುತ್ತೇವೆ’ ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿಸಿ ಯಂತ್ರಕ್ಕೆ ತುಂಬಿಸಿಕೊಂಡಿದ್ದರು. ಆಮೇಲೆ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿಕೊಟ್ಟರು. ಹಾಗಾಗಿ ಮೇಡಂ ಮನೆಗೆ ಬಂದರೂ ಅವರ ಧ್ವನಿ ಮಾತ್ರ ಇನ್ನೂ ಡ್ಯೂಟಿಯಲ್ಲೇ ಇತ್ತು. ತರಕಾರಿ ಚೀಲ ಹಿಡಿದು ನಿಲ್ದಾಣದ ಮುಂದೆ ಹಾದುಹೋಗುವಾಗ ತಮ್ಮದೇ ಧ್ವನಿ ನಲವತ್ತು ನಿಮಿಷ ತಡ ಎನ್ನುವುದು ಕೇಳಿದರೆ ಅವರಿಗೆ ಒಂಥರಾ ನಾಚಿಕೆಯಾಗುತ್ತಿತ್ತು.

ಮನೆಯಲ್ಲಿ ಇದ್ದದ್ದು ಅವರು ಮತ್ತು ಅವರ ಅಕ್ಕ, ಇಬ್ಬರೇ. ಅಕ್ಕ ಎಂಟು ವರ್ಷ ದೊಡ್ಡವಳು, ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟು ನಿವೃತ್ತಳಾದವಳು. ನಾಲ್ಕು ವರ್ಷದ ಹಿಂದೆ ಅವಳ ಕಣ್ಣು ಪೂರ್ತಿ ಹೋಯಿತು. ಕಣ್ಣು ಹೋದ ಮೇಲೆ ಅವಳ ನಾಲಿಗೆ ಇನ್ನಷ್ಟು ಚುರುಕಾಯಿತು ಎಂದು ಬೀದಿಯವರ ಅಭಿಪ್ರಾಯ. ಕಣ್ಣಿಲ್ಲದವರಿಗಾಗಿ ಪುಸ್ತಕಗಳನ್ನು ಓದಿ, ಧ್ವನಿಮುದ್ರಿಸಿ ಪುಕ್ಕಟೆಯಾಗಿ ಹಂಚುವ ಒಂದು ಸಂಘವಿತ್ತು. ಅಕ್ಕನ ಹಗಲೆಲ್ಲ ಸಾಗುತ್ತಿದ್ದದ್ದು ಆ ಪುಸ್ತಕಗಳ ಮೇಲೆ.

ಸಂಘದ ಕಷ್ಟ ಒಂದೇ. ಅದರ ಓದುವ ಕೋಣೆಯ ಗೋಡೆಗೆ ಒಂದು ಗ್ಯಾರೇಜು ಅಂಟಿಕೊಂಡಿತ್ತು. ಯಾವ ಪುಸ್ತಕ ಕೇಳಿದರೂ ಹಿನ್ನೆಲೆಯಲ್ಲಿ ಸುತ್ತಿಗೆ. "ನಾಯಕಿ ಪ್ರಾಣ ಬಿಡೋ ಹೊತ್ತಿಗೆ ಸರಿಯಾಗಿ ಯಾರೋ ಟೈರಿಗೆ ಗಾಳಿ ತುಂಬ್ತಿದ್ದಾನೆ ಕಣೇ, ಇನ್ನೇನು ಎದ್ದು ಕೂತ್ಕೋತಾಳೆ ಅನ್ಸತ್ತೆ," ಎಂದು ಅಕ್ಕ ನಗುತ್ತಿದ್ದಳು. ಈಗ ಗ್ಯಾರೇಜಿನವನು ತಗಡು ಬಡಿಯುವ ಹೊಸ ಯಂತ್ರ ತಂದಿದ್ದ, ಓದುವವರ ಧ್ವನಿ ಅವರಿಗೇ ಕೇಳದಂತಾಗಿ ಓದುವುದೇ ನಿಂತಿತ್ತು. ಇದ್ದ ನೂರನಲವತ್ತು ಪುಸ್ತಕಗಳನ್ನು ಅಕ್ಕ ಮೂರು ಮೂರು ಸಲ ಕೇಳಿ ಮುಗಿಸಿದ್ದಳು. ಮಾಡುವುದಕ್ಕೇನೂ ಇಲ್ಲದೆ ಮಧ್ಯಾಹ್ನವೆಲ್ಲ ಮಂಚದ ತುದಿಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಸುಮ್ಮನಿರುವ ಅಕ್ಕನನ್ನು ನೋಡಲಾರದೆ ಮೇಡಂ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಮುಂದಿನ ಬೀದಿಯಲ್ಲಿ ಮುಚ್ಚಿಹೋದ ಫೋಟೊ ಸ್ಟುಡಿಯೊ ಒಂದಿತ್ತು. ಅದರ ಕತ್ತಲೆ ಕೋಣೆಗೆ ದಪ್ಪ ಗೋಡೆ, ಒಂದೂ ಕಿಟಕಿಯಿಲ್ಲ. ಅದನ್ನು ಬಾಡಿಗೆಗೆ ಹಿಡಿದು, ಗೋಡೆಗೆ ಮೆತ್ತೆ ಬಡಿಸಿ, ಒಳ್ಳೆಯ ಮೈಕು ಹಾಕಿಸಿದರೆ ಪಕ್ಕದಲ್ಲಿ ಸಿಡಿಲು ಬಡಿದರೂ ಓದಬಹುದು. ಬೇಕಾದದ್ದು ಮೂರು ಲಕ್ಷ. ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಚಪ್ಪಲಿ ಗೋದಾಮಿಗೆ ಕೊಡುತ್ತೇನೆ ಎಂದಿದ್ದ ಮಾಲೀಕ. ಸಂಘದ ಕಾರ್ಯದರ್ಶಿ ಸಂಕೋಚದ ಮುದ್ದೆ. ಹಣ ಕೇಳಲು ಹೋಗಿ, ಕೇಳದೆ, ಅವರ ಅಂಗಡಿಯಲ್ಲೇ ಏನಾದರೂ ಕೊಂಡುಕೊಂಡು ಬರುವ ಜಾತಿ. ಅವರು ನಾನೂರು ಫೋನ್ ನಂಬರುಗಳ ಪಟ್ಟಿ ತಂದು ಮೇಡಂ ಮುಂದಿಟ್ಟರು.

"ನಿಮ್ಮ ಧ್ವನಿ ಊರಿಗೇ ಗೊತ್ತು. ನೀವು ಕೇಳಿದ್ರೆ ಯಾರು ಇಲ್ಲ ಅಂತಾರೆ?"

ಇಲ್ಲ ಅನ್ನುವ ಮಟ್ಟಕ್ಕೇ ಯಾರೂ ಬರಲಿಲ್ಲ. "ದಯವಿಟ್ಟು ಗಮನಿಸಿ" ಎನ್ನುವಷ್ಟರಲ್ಲಿ ಅರ್ಧ ಊರು ಫೋನ್ ಇಟ್ಟುಬಿಟ್ಟಿತು. ಒಬ್ಬರು ಒಂದು ಒತ್ತಿದರು, ಇನ್ನೊಬ್ಬರು ಒಂಬತ್ತು ಒತ್ತಿ ಕಾದರು. ಒಬ್ಬ ಅಜ್ಜಿ ಪೂರ್ತಿ ಕೇಳಿ, "ಒಳಗಡೆ ಯಾರೂ ಮನುಷ್ಯರಿಲ್ವೇನಪ್ಪಾ?" ಎಂದು ಯಾರನ್ನೋ ವಿಚಾರಿಸಿದರು. ಒಂದು ಮನೆಯಲ್ಲಿ ಹೆಂಡತಿ ಗಂಡನಿಗೆ ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು: "ರೈಲಿನವ್ರು ಈಗ ಮನೆಗೇ ಫೋನ್ ಮಾಡಿ ತಡ ಅಂತಿದ್ದಾರೆ ನೋಡಿ." ಎರಡನೇ ದಿನ ಮೇಡಂ "ನಾನು ಯಂತ್ರವಲ್ಲ" ಎಂದು ಶುರುಮಾಡಿದರು. ಯಂತ್ರ ಹಾಗೆ ಹೇಳಿದ್ದು ಕೇಳಿ ಜನ ಇನ್ನೂ ಬೇಗ ಇಟ್ಟರು. ಮಧ್ಯೆ ಮಧ್ಯೆ ಕೆಮ್ಮಿ ನೋಡಿದರು, ಆ ಕೆಮ್ಮೂ ವೇಳಾಪಟ್ಟಿ ಪ್ರಕಾರ ಬಂದಂತಿತ್ತು.

ಮಂಚದ ಮೇಲಿಂದ ಇದೆಲ್ಲ ಕೇಳಿಸಿಕೊಳ್ಳುತ್ತಿದ್ದ ಅಕ್ಕ ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ಹೇಳಿದಳು, "ನೀನು ಕೇಳ್ತಾ ಇಲ್ಲ ಕಣೇ, ಹೇಳ್ತಾ ಇದೀಯ. ಕೇಳೋಳು ಮಧ್ಯೆ ನಿಲ್ಲಿಸಬೇಕು, ಆ ಕಡೆಯವರು ಏನಂತಾರೆ ಅಂತ ಕಾಯಬೇಕು. ಗಾಡಿ ಬರತ್ತೆ ಅಂದಾಗ ಯಾರಾದ್ರೂ ನಿಂಗೆ ತಿರುಗಿ ಉತ್ತರ ಕೊಟ್ಟಿದ್ರಾ?"

"ಗಾಜಿನ ಕಿಟಕಿ ಇತ್ತಲ್ಲ. ಬೈದಿದ್ರೂ ಕೇಳ್ತಿರಲಿಲ್ಲ."

"ಮಗು ಅತ್ರೇನೇ ತಾಯಿ ಹಾಲು ಕೊಡೋದು. ನಿಂಗೆ ಹುಟ್ಟಿದಾಗ್ಲೂ ಅಳು ಬರ್ತಿರಲಿಲ್ಲ, ಅಮ್ಮ ಗಾಬರಿಯಾಗಿದ್ಲು."

ಮೂರನೇ ದಿನ ಪಟ್ಟಿಯ ನೂರಹದಿನೇಳನೆಯ ನಂಬರಿಗೆ ಮೇಡಂ "ದಯವಿಟ್ಟು ಗಮನಿಸಿ" ಅಂದು, ಅಕ್ಕ ಹೇಳಿದಂತೆ ಅಲ್ಲಿಗೇ ನಿಲ್ಲಿಸಿ ಕಾದರು. ಆ ಕಡೆ ಫೋನ್ ಇಡುವ ಸದ್ದು ಬರಲಿಲ್ಲ, ಬುಸುಗುಟ್ಟುವ ಉಸಿರು ಬಂತು.

"ನೀವಾ? ನೀವೇನಾ? ಇಪ್ಪತ್ತಾರು ವರ್ಷದಿಂದ ಹುಡುಕ್ತಿದ್ದೀನಿ ರೀ ನಿಮ್ಮನ್ನ," ಎಂದಿತು ಒಂದು ಗಂಡು ಧ್ವನಿ.

ಅದು ಪೇಟೆಯ ಕೊಡೆ ಅಂಗಡಿಯ ಯಜಮಾನರದು. ಇಪ್ಪತ್ತಾರು ವರ್ಷದ ಹಿಂದೆ ಅವರು ಬ್ಯಾಂಕಿನ ಕೆಲಸದ ಸಂದರ್ಶನಕ್ಕೆಂದು ಎರಡನೇ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರಂತೆ. ಕೊನೇ ಗಳಿಗೆಯಲ್ಲಿ ಈ ಧ್ವನಿ ಗಾಡಿ ನಾಲ್ಕನೇ ಪ್ಲಾಟ್‌ಫಾರ್ಮಿಗೆ ಬರುತ್ತದೆ ಎಂದಿತಂತೆ. ಟ್ರಂಕು ಹೊತ್ತು ಮೆಟ್ಟಿಲು ಹತ್ತಿಳಿದು ಓಡುವಷ್ಟರಲ್ಲಿ ಗಾಡಿ ಬಾಲ ತೋರಿಸಿ ಹೋಗಿತ್ತಂತೆ.

"ನನ್ನ ತಪ್ಪೇನ್ರೀ ಅದರಲ್ಲಿ? ಸ್ಟೇಷನ್ ಮಾಸ್ಟರ್ ಚೀಟಿ ಕಳಿಸೋವರೆಗೂ ನಾನು ಬಾಯಿ ಬಿಡೋ ಹಾಗಿರಲಿಲ್ಲ," ಎಂದರು ಮೇಡಂ. ಎಂದ ಮೇಲೆ ತಮಗೇ ಆಶ್ಚರ್ಯವಾಯಿತು. ಅವರ ಧ್ವನಿ ಮೇಲಕ್ಕೆ ಹೋಗಿತ್ತು, ಮಾತು ತಡವರಿಸಿತ್ತು.

"ಚೀಟಿ ಗೀಟಿ ನಂಗೆ ಬೇಡ. ಇವತ್ತು ನಾನು ಬ್ಯಾಂಕ್ ಮ್ಯಾನೇಜರ್ ಆಗಿರ್ತಿದ್ದೆ."

"ಈಗೇನು, ಕೊಡೆ ಅಂಗಡಿ ಚೆನ್ನಾಗಿ ನಡೀತಿಲ್ವಾ?"

"ಮೂರು ಅಂಗಡಿ ಇದೆ. ಅದು ಬೇರೆ ಮಾತು."

ಜಗಳ ಮುಕ್ಕಾಲು ಗಂಟೆ ನಡೆಯಿತು. ಕೊನೆಗೆ ಮೇಡಂ, ಆಗಲಿ ಬಿಡಿ ಎಂದು ಗಂಟಲು ಸರಿಮಾಡಿಕೊಂಡು, ನಿಲ್ದಾಣದ ಆ ಹಳೇ ಧ್ವನಿಯಲ್ಲೇ "ತಮಗಾದ ಅಡಚಣೆಗಾಗಿ ವಿಷಾದಿಸುತ್ತೇವೆ" ಎಂದರು. "ಹಾಲು ಕುಡಿದಷ್ಟು ಸಂತೋಷ ಆಯ್ತು ಮೇಡಂ," ಎಂದರು ಯಜಮಾನರು. "ಏನೋ ಕೇಳೋಕೆ ಫೋನ್ ಮಾಡಿದ್ರಿ ಅನ್ಸತ್ತೆ, ಏನು ಬೇಕಿತ್ತು?" ಮೇಡಂ ಓದುವ ಕೋಣೆಗೆ ಹಣ ಬೇಕೆಂದು ಕೇಳಿದರು. ಆ ಸಂಜೆಯೇ ಐದು ಸಾವಿರ ಬಂತು.

ಉಪಾಯ ಹೊಳೆದದ್ದು ಅಕ್ಕನಿಗೆ. "ಮೂವತ್ತಮೂರು ವರ್ಷ, ದಿನಕ್ಕೆ ಹತ್ತು ಗಾಡಿ ತಡ ಅಂತ ಹಿಡಿ. ಒಂದೊಂದರಲ್ಲೂ ಐನೂರು ಜನ. ಅಷ್ಟೂ ಸಿಟ್ಟು ಊರಲ್ಲಿ ಹಾಗೇ ಬಿದ್ದಿದೆ ಕಣೇ, ಬಾಚಿಕೊಳ್ಳೋರಿಲ್ಲ," ಎಂದಳು. ಮಾರನೆಯ ದಿನ ಕೊಡೆ ಅಂಗಡಿಯ ಜಗಲಿಯ ಮೇಲೆ ಒಂದು ಮೇಜು, ಎರಡು ಕುರ್ಚಿ, ಒಂದು ಬೋರ್ಡು ಬಂದವು. ಬೋರ್ಡು ಬರೆದವರು ಕಾರ್ಯದರ್ಶಿಗಳೇ: ‘ನಿಲ್ದಾಣದ ಧ್ವನಿಗೆ ಎದುರು ಕೂತು ಬೈಯಿರಿ. ಒಂದು ದೂರಿಗೆ ನೂರು, ಮೇಲೆ ನಿಮ್ಮ ಮನಸ್ಸು. ಕೊಳಕು ಮಾತಿಲ್ಲ. ಕೊನೆಯಲ್ಲಿ ವಿಷಾದ ಖಚಿತ.’

ಊರ ಬಾಯಿ ಮುಚ್ಚಿಸುವುದು ಕಷ್ಟ, ತೆರೆಸುವುದು ಎಷ್ಟು ಸುಲಭ ಎಂದು ಆಗ ಗೊತ್ತಾಯಿತು. ಮೊದಲ ದಿನ ಹನ್ನೊಂದು ಜನ, ವಾರದ ಹೊತ್ತಿಗೆ ಸಾಲು ಔಷಧಿ ಅಂಗಡಿ ದಾಟಿತ್ತು. ರಾತ್ರಿಪಾಳಿ ಮುಗಿಸಿ ಕೊರೆಯುವ ಚಳಿಯಲ್ಲಿ ಹಿಂದೊಮ್ಮೆ ಗಾಡಿಗೆ ಮೂರು ಗಂಟೆ ಕಾದಿದ್ದ ನರ್ಸ್ ಒಬ್ಬಳು ಎರಡು ದೂರಿನ ಹಣ ಕಟ್ಟಿ ಒಂದನ್ನೇ ನಿಧಾನವಾಗಿ ಹೇಳಿದಳು. ಒಬ್ಬ ಬಡಗಿ ಬೈಯಲು ಬಂದು, ಮೇಡಂ ಮುಖ ನೋಡಿ, ಬೈಗುಳ ಮರೆತು ಮೇಜಿನ ಅಲುಗಾಡುವ ಕಾಲು ಸರಿಮಾಡಿ ಹೋದ. ಒಂದು ಜೋಡಿ ಬಂತು. ಇಬ್ಬರಿಗೂ ಒಂದೇ ಗಾಡಿ ತಪ್ಪಿ, ಒಂದೇ ಬೆಂಚಿನಲ್ಲಿ ಕೂತು ಪರಿಚಯವಾಗಿ ಮದುವೆಯಾದವರು. ಅವರು ಬಂದದ್ದು ಥ್ಯಾಂಕ್ಸ್ ಹೇಳಲು. ಥ್ಯಾಂಕ್ಸಿಗೆ ಡಬಲ್ ಚಾರ್ಜು ಎಂದರು ಕಾರ್ಯದರ್ಶಿ. ಆ ಮನುಷ್ಯನ ಸಂಕೋಚ ಅದಾಗಲೇ ಎಲ್ಲೋ ಹಾರಿಹೋಗಿತ್ತು.

ಮೇಡಂ ಮನೆಗೆ ಬರುವಾಗ ಗಂಟಲು ಕಟ್ಟಿರುತ್ತಿತ್ತು, ಆದರೆ ಮನಸ್ಸು ಹಗುರವಾಗಿರುತ್ತಿತ್ತು. ಅಷ್ಟು ವರ್ಷ ಗಾಜಿಗೆ ಮಾತಾಡಿದ್ದರು. ಈಗ ಎದುರಿಗೆ ಮುಖಗಳಿದ್ದವು, ಉತ್ತರ ಕೊಡುತ್ತಿದ್ದವು. ಬೈಗುಳವಾದರೂ ಉತ್ತರವೇ ತಾನೆ ಎಂದು ಅವರಿಗೆ ಖುಷಿಯಾಗುತ್ತಿತ್ತು. ಒಂದು ಸಂಜೆ ಪಕ್ಕದ ಮನೆಗೆ ಹೋಗಿ ಒಂದು ಲೋಟ ಸಕ್ಕರೆ ಕೇಳಿ ತಂದರು. ಮನೆಯಲ್ಲಿ ಸಕ್ಕರೆ ಇತ್ತು.

ಆದರೂ ತಿಂಗಳ ಕೊನೆಯ ದಿನ ಬಂದಾಗ ಹಣ ಪೂರ್ತಿಯಾಗಿರಲಿಲ್ಲ. ಸಂಜೆ ಆರಕ್ಕೆ ಸ್ಟುಡಿಯೊ ಮಾಲೀಕನಿಗೆ ಉತ್ತರ ಹೇಳಬೇಕು. ಐದರ ಹೊತ್ತಿಗೆ ಸಾಲಿನಲ್ಲಿ ಉಳಿದಿದ್ದವರು ನಾಲ್ಕೇ ಜನ. ಮೇಡಂ ತಲೆಯೆತ್ತಿ ನೋಡಿದರೆ, ನಾಲ್ಕನೆಯವಳು ಅಕ್ಕ. ಬಿಳಿ ಕೋಲು ಹಿಡಿದು, ಕೈಚೀಲ ಎದೆಗೊತ್ತಿಕೊಂಡು ನಿಂತಿದ್ದಳು. ಜೊತೆಯಲ್ಲಿ ಕೊಡೆ ಅಂಗಡಿ ಯಜಮಾನರು.

"ಅಕ್ಕ, ನೀನ್ಯಾಕೆ ಬಂದೆ ಇಲ್ಲಿ?"

"ಸಾಲಲ್ಲಿ ಬಂದಿದ್ದೀನಿ, ಸಾಲಲ್ಲೇ ಮಾತಾಡ್ತೀನಿ," ಎಂದಳು ಅಕ್ಕ. ಮೂವರದು ಮುಗಿದ ಮೇಲೆ ಕುರ್ಚಿ ತಡಕಿ ಕೂತು, ಒಂದು ಲಕೋಟೆ ಮೇಜಿನ ಮೇಲಿಟ್ಟಳು. ದಿನಾ ಸಂಜೆ ಕಾರ್ಯದರ್ಶಿ ಬಂದು ಎಷ್ಟಾಯಿತೆಂದು ಹೇಳುತ್ತಿದ್ದುದನ್ನು ಕೂಡಿ ಕಳೆದು, ಕಡಿಮೆ ಬಿದ್ದಿದ್ದನ್ನು ತನ್ನ ಉಳಿತಾಯದಿಂದ ಸರಿಯಾಗಿ ಅಷ್ಟೇ ತಂದಿದ್ದಳು. ಕಾರ್ಯದರ್ಶಿ ರಸೀದಿ ಹರಿದು ಅವಳ ಕೈಗಿಟ್ಟರು.

"ನಂದೂ ಒಂದು ದೂರಿದೆ," ಎಂದಳು ಅಕ್ಕ. "ನೀನು ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ. ಅಪ್ಪ ಅಮ್ಮ ಹೋದ್ಮೇಲೆ ನಿನ್ನ ಓದಿಸಿದ್ದಾಯ್ತು, ಕೆಲಸ ಸಿಕ್ಕಿದ್ದಾಯ್ತು, ನನ್ನ ಜವಾಬ್ದಾರಿ ಮುಗೀತು ಅಂದ್ಕೊಂಡೆ. ದೂರದ ಊರಲ್ಲಿ, ದೊಡ್ಡ ಕಾಲೇಜಲ್ಲಿ ನಂಗೆ ಕೆಲಸ ಸಿಕ್ಕಿತ್ತು. ನಿಂಗೆ ಹೇಳಿದ್ರೆ ಬಿಡಲ್ಲ ಅಂತ, ಚೀಟಿ ಬರೆದಿಟ್ಟು, ಚೀಲ ಹಿಡ್ಕೊಂಡು ಹೊರಟುಬಿಟ್ಟೆ. ಸಂಜೆ ಗಾಡಿಗೆ ಒಂದನೇ ಪ್ಲಾಟ್‌ಫಾರ್ಮಲ್ಲಿ ಕೂತಿದ್ದೆ."

ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಮೇಲಿಂದ ನಿನ್ನ ಧ್ವನಿ ಬಂತು. ಗಾಡಿ ಒಂದು ಗಂಟೆ ನಲವತ್ತು ನಿಮಿಷ ತಡ ಅಂತು. ಆಗ ನೀನು ಯಂತ್ರ ಆಗಿರಲಿಲ್ಲ, ನಡುಗ್ತಾ ಇದ್ದೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಇವಳು ಅಂತ ಗೊತ್ತಾಯ್ತು ನಂಗೆ. ಆ ನಡುಗೋ ಧ್ವನೀನ ಏಳು ಸಲ ಕೇಳಿದೆ, ಲೆಕ್ಕ ಇಟ್ಟಿದ್ದೀನಿ. ಏಳನೇ ಸಲ ಎದ್ದು ಮನೆಗೆ ಹೋಗಿ, ಚೀಟಿ ಹರಿದು, ಅಡುಗೆ ಮಾಡಿದೆ. ನೀನು ಬಂದು ಎರಡು ಸಲ ಬಡಿಸ್ಕೊಂಡೆ." ಅಕ್ಕ ಕೋಲನ್ನು ಮೇಜಿಗೆ ಒರಗಿಸಿದಳು. "ಆ ಗಾಡಿ ಸರಿಯಾದ ಹೊತ್ತಿಗೆ ಬಂದಿದ್ರೆ ನಾನು ಹತ್ತಿಬಿಡ್ತಿದ್ದೆ. ಅದೇ ನನ್ನ ದೂರು. ಹೂಂ, ವಿಷಾದ ಹೇಳು. ದುಡ್ಡು ಕೊಟ್ಟಿದ್ದೀನಿ."

ಮೇಡಂ ಬೆನ್ನು ನೆಟ್ಟಗೆ ಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು. "ದಯವಿಟ್ಟು ಗಮನಿಸಿ," ಎಂದರು. ಮುಂದಿನ ಮಾತು ಬರಲಿಲ್ಲ. ಮತ್ತೆ ಶುರುಮಾಡಿದರು, ಮತ್ತೆ ನಿಂತಿತು. ಮೂವತ್ತಮೂರು ವರ್ಷದಲ್ಲಿ ಒಂದು ಅಕ್ಷರ ಜಾರದಿದ್ದ ಧ್ವನಿ ಚೂರುಚೂರಾಗಿ ಹೊರಗೆ ಬಂತು.

"ಆ ಗಾಡಿ ತಡವಾಗಿದ್ದಕ್ಕೆ ನಂಗೆ ಎಳ್ಳಷ್ಟೂ ವಿಷಾದ ಇಲ್ಲ ಅಕ್ಕ."

ಅಕ್ಕ ಆ ಧ್ವನಿ ಬಂದ ಕಡೆ ಮುಖ ತಿರುಗಿಸಿ, ಅದು ನಡುಗುವುದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೈ ಚಾಚಿದಳು.

"ಹಾಗಾದ್ರೆ ನನ್ನ ದುಡ್ಡು ವಾಪಸ್ ಕೊಡು."

ಮೇಡಂ ಸೆರಗಿನಿಂದ ಮೂಗೊರೆಸಿಕೊಂಡು, ಲಕೋಟೆಯನ್ನು ಕಾರ್ಯದರ್ಶಿಯ ಕಡೆಗೆ ತಳ್ಳಿದರು.

"ರಸೀದಿ ಹರಿದಾಯ್ತು," ಎಂದರು.