ಮರವಂತೆಯ ಮೋಕ್ಷಿತಾ ನಿಲ್ಲದೆ ಓಡಿದ್ದು

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಲ್ಲಿ, ಬೆಳಗಿನ ಪ್ರಾರ್ಥನೆಗೆ ಮೊಣಕಾಲಿನವರೆಗೆ ಮರಳು ಮೆತ್ತಿಕೊಂಡು ಬಂದು ನಿಲ್ಲುವ ಹುಡುಗಿಯೊಬ್ಬಳಿದ್ದಳು. ಮರವಂತೆಯ ಮೋಕ್ಷಿತಾ. ಕೇಳಿದರೆ, "ಬಸ್ ತಪ್ಪಿತ್ ಟೀಚರ್ರೆ, ಕಡಲ್ ಬದಿಂದ್ಲೇ ಓಡಿ ಬಂದೆ" ಎನ್ನುತ್ತಿದ್ದಳು. ಬಸ್ಸು ವಾರದಲ್ಲಿ ನಾಲ್ಕಾರು ದಿನ ತಪ್ಪುತ್ತಿತ್ತು. ಬಸ್ಸು ಅವಳನ್ನು ಬಿಟ್ಟು ಹೋಗುತ್ತಿರಲಿಲ್ಲ, ಅವಳೇ ಬಸ್ಸನ್ನು ಬಿಡುತ್ತಿದ್ದಳು ಎಂಬುದು ನಮಗೆ ತಿಳಿದದ್ದು ಅವಳು ಒಂಬತ್ತನೆಯ ತರಗತಿಗೆ ಬಂದ ಮೇಲೆ.

ಅವಳ ತಂದೆ ಕುಷ್ಟ ಬೇರೆಯವರ ಬೋಟಿನಲ್ಲಿ ಮೀನುಗಾರಿಕೆಗೆ ಹೋಗುವವನು. ಹೋದರೆ ಎಂಟು ಹತ್ತು ದಿನ ಕಡಲಲ್ಲೇ. ತಾಯಿ ಸೀತು ಮೀನಿನ ಬುಟ್ಟಿ ಹಿಡಿದು ಬಸ್ಸಿನಲ್ಲಿ ತಲ್ಲೂರಿನವರೆಗೆ ಬಂದು ಮನೆಮನೆಗೆ ಮಾರುವವಳು. ಮನೆಯಲ್ಲಿ ಮುದಿ ಅಜ್ಜಿ. ಹಾಗಾಗಿ ನೀರು ತರಲು ಮೋಕ್ಷಿತಾ, ರೇಶನ್ನಿಗೆ ಮೋಕ್ಷಿತಾ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಮೋಕ್ಷಿತಾ. ಯಾರು ಕರೆದರೂ ಓ ಎನ್ನುವ ಹುಡುಗಿ. ಬ್ರಹ್ಮಾವರದಲ್ಲಿ ನಡೆದ ಜಿಲ್ಲಾ ಮಟ್ಟದ ಗುಡ್ಡಗಾಡು ಓಟದಲ್ಲಿ ಎಲ್ಲರಿಗಿಂತ ಮುಂದೆ ಇದ್ದವಳು, ನಮ್ಮ ಶಾಲೆಯದೇ ಇನ್ನೊಬ್ಬಳು ಕಾಲು ಹಿಡಿದುಕೊಂಡು ಕುಳಿತದ್ದನ್ನು ಕಂಡು ಓಟ ನಿಲ್ಲಿಸಿ ಅವಳನ್ನು ಎಬ್ಬಿಸಿ ಕರೆತಂದಳು. ಬಹುಮಾನ ಬರಲಿಲ್ಲ. ನಾವೆಲ್ಲ ಅವಳ ಒಳ್ಳೆಯ ಗುಣವನ್ನು ಕೊಂಡಾಡಿದೆವು.

ನಾನು ನಿವೃತ್ತಳಾಗಿ ತಲ್ಲೂರಿನ ಮನೆಯಲ್ಲಿ ನೆಲೆಸಿದ ಮೇಲೂ ಸೀತುವಿನ ಮೂಲಕ ಅವಳ ಸುದ್ದಿ ಸಿಗುತ್ತಿತ್ತು. ಬಿಸಿಲು ಏರಿದಾಗ ಸೀತು ಬುಟ್ಟಿಯನ್ನು ಗೇಟಿನ ಹೊರಗಿಟ್ಟು ನಮ್ಮ ಜಗಲಿಯಲ್ಲಿ ಮಜ್ಜಿಗೆ ಕುಡಿಯುವುದು ರೂಢಿ. ನಾವು ಮೀನು ತಿನ್ನುವವರಲ್ಲ. ಆದರೆ ನಮ್ಮ ಬೆಕ್ಕು ಅವಳ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಗೇಟಿನ ಬಳಿ ಕಾಯುತ್ತಿತ್ತು.

"ಈ ಮನಿಯಂಗೆ ನನ್ನ್ ಕಂಡ್ರೆ ಪ್ರೀತಿ ಇಪ್ಪುದ್ ಇದ್ಕೊಂದಕ್ಕೇ" ಎಂದು ಸೀತು ಅದಕ್ಕೊಂದು ಸಣ್ಣ ಮೀನು ಎಸೆಯುತ್ತಿದ್ದಳು.

ಮೋಕ್ಷಿತಾ ಎರಡನೆಯ ಪಿಯುಸಿ ಮುಗಿಸಿದ ಬೇಸಗೆಯಲ್ಲಿ ಒಂದು ದಿನ ಸೀತು ಮಜ್ಜಿಗೆಯ ಲೋಟ ಹಿಡಿದುಕೊಂಡೇ ಹೇಳಿದಳು: "ಟೀಚರ್ರೆ, ಹೆಣ್ಣ್ ಓಡ್ತ್ ಅಂದ್ಕಂಡ್ ಎರಡ್ ಕಾಲೇಜಿನವ್ರ್ ಹಿಂದೆ ಬಿದ್ದೀರ್ ಕಾಣಿ. ಮದಿಗೆ ಗಂಡ್ ಕಡೆಯವ್ರೂ ಇಷ್ಟ್ ಆಸೆಯಂಗೆ ಬತ್ತಿಲ್ಲೆ!"

ಒಂದು, ನಮ್ಮ ಕರಾವಳಿಯದೇ ವಿಶ್ವವಿದ್ಯಾಲಯ. ಅದರ ಓಟಗಾರರನ್ನು ತರಬೇತುಗೊಳಿಸುತ್ತಿದ್ದವರು ಸಾಲಿಗ್ರಾಮದ ಗುರುಪ್ರಸಾದರು. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದಾದ ದೂರ. ಇನ್ನೊಂದು ಕೇರಳದ ತೀರ ದಕ್ಷಿಣದ ವಿಶ್ವವಿದ್ಯಾಲಯ. ಅಲ್ಲಿಯ ತರಬೇತುದಾರರು ಓಮನಾ ಎಂಬ ಹೆಂಗಸು. ಇಬ್ಬರೂ ರಾಜ್ಯಗಳ ನಡುವಿನ ಒಂದು ಕೂಟದಲ್ಲಿ ಮೋಕ್ಷಿತಾಳ ಓಟ ನೋಡಿದ್ದರು. ಎರಡೂ ಕಡೆ ಓದು, ಊಟ, ಹಾಸ್ಟೆಲು ಎಲ್ಲವೂ ಉಚಿತ. ಒಂದನ್ನು ಆರಿಸಬೇಕಾಗಿತ್ತು, ಅಷ್ಟೆ. ಅದೇ ಕಷ್ಟವಾಗಿತ್ತು.

ಗುರುಪ್ರಸಾದರು ಮೊದಲು ಬಂದರು. ನನಗೆ ಪರಿಚಯದವರಾದ್ದರಿಂದ ನನ್ನನ್ನೂ ಮರವಂತೆಗೆ ಕರೆದುಕೊಂಡು ಹೋದರು. ಕಡಲಿನ ಇಳಿತದ ಹೊತ್ತು. ಹೆದ್ದಾರಿಯ ಈಚೆಗೆ ಸೌಪರ್ಣಿಕಾ ಹೊಳೆ ಅಲುಗದೆ ಮಲಗಿತ್ತು, ಆಚೆಗೆ ಕಡಲು. ಒದ್ದೆ ಮರಳಿನ ಮೇಲೆ ಮೋಕ್ಷಿತಾ ಬರಿಗಾಲಲ್ಲಿ ಓಡಿ ಬರುತ್ತಿದ್ದಳು. ಅಷ್ಟರಲ್ಲಿ ದಡದಲ್ಲಿ ಕೈರಂಪಣಿ ಎಳೆಯುತ್ತಿದ್ದವರ ನಡುವಿನಿಂದ ಹಿರಿಯನಾದ ಚಂದಯ್ಯ ಕೂಗಿದ:

"ಹ್ವಾಯ್ ಮೋಕ್ಷೀ! ಓಡದ್ ಸಾಕ್, ಹಗ್ಗಕ್ಕೆ ಕೈ ಕೊಡ್!"

ಕೈರಂಪಣಿಯೆಂದರೆ ಕಡಲಿನಲ್ಲಿ ಅರ್ಧಚಂದ್ರದಂತೆ ಬಿಟ್ಟ ಉದ್ದದ ಬಲೆಯನ್ನು ಎರಡೂ ತುದಿಯ ಹಗ್ಗ ಹಿಡಿದು ಜನ ದಡಕ್ಕೆ ಎಳೆಯುವುದು. ಬಲೆ ಬರುತ್ತಿರುವಾಗ ಆ ದಾರಿಯಲ್ಲಿ ಹೋಗುವವರು ಯಾರೇ ಆಗಲಿ ಹಗ್ಗಕ್ಕೆ ಕೈ ಹಾಕಬೇಕು. ಕೈ ಹಾಕಿದವರಿಗೆ ಮೀನಿನಲ್ಲಿ ಒಂದು ಪಾಲು. ಸುಮ್ಮನೆ ದಾಟಿ ಹೋಗುವವರನ್ನು ಆ ಊರು ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಮೋಕ್ಷಿತಾ ಓಟ ನಿಲ್ಲಿಸಿ ಹಗ್ಗ ಹಿಡಿದಳು. ಗುರುಪ್ರಸಾದರು ಒಂದು ಗಳಿಗೆ ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ತಾವೂ ಹೋಗಿ ಅವಳ ಹಿಂದೆ ನಿಂತು ಎಳೆಯತೊಡಗಿದರು.

"ಭಟ್ರೆ, ನೀವ್ ಎಳ್ದದ್ದಕ್ಕೆ ಇವತ್ತ್ ಬಲಿಯಂಗೆ ಸೌತಿಕಾಯಿ ಬತ್ತೋ ಎಂತೋ!" ಎಂದ ಚಂದಯ್ಯ.

"ಬಂದ್ರೆ ಹುಳಿಗೆ ನಂಗ್ ಕೊಡಿ. ಮೀನ್ ನೀವೇ ಇಟ್ಕಣಿ" ಎಂದರು ಗುರುಪ್ರಸಾದರು, ಏದುಸಿರು ಬಿಡುತ್ತ.

ದಡವೆಲ್ಲ ನಕ್ಕಿತು. ಬಂದ ಬಂಗುಡೆ ಮೀನಿನಲ್ಲಿ ಅವರಿಗೂ ಪಾಲು ಬಂತು. ಅದನ್ನು ಅವರು ಸೀತುವಿನ ಬುಟ್ಟಿಗೆ ಹಾಕಿದರು. ಹೊರಡುವಾಗ ಮೋಕ್ಷಿತಾಳಿಗೆ, "ಶನಿವಾರ ಮನಿಗ್ ಬಪ್ಪುಕೆ ಅಡ್ಡಿಲ್ಲೆ. ಅಜ್ಜಿಗೆ ಹುಷಾರಿಲ್ದಿದ್ರೂ ಬಾ. ನಿನ್ನ್ ಓಟ ಎಲ್ಲಿಗೂ ಹೋತಿಲ್ಲೆ" ಎಂದರು. ಆ ದಿನವೇ ಊರು ತೀರ್ಮಾನಿಸಿಬಿಟ್ಟಿತು. ಕುಷ್ಟ ಬೋಟಿನಿಂದ ಬಂದು ದಡ ಮುಟ್ಟಿದವನೇ ಫೋನು ಮಾಡಿ, "ಹಗ್ಗ ಎಳ್ದ್ರ್ ಅಂಬ್ರಲ್ಲೆ? ಹಾಂಗಾರೆ ಅಲ್ಲೇ ಸೇರ್ಸ್" ಎಂದನಂತೆ.

ಮುಂದಿನ ವಾರ ಓಮನಾ ಬಂದರು. ತಮ್ಮ ತಾಯಿಯನ್ನು ಕೊಲ್ಲೂರಿಗೆ ಕರೆದುಕೊಂಡು ಬಂದವರು, ದೇವರ ದರ್ಶನ ಮುಗಿಸಿ ಟ್ಯಾಕ್ಸಿಯಲ್ಲಿ ನೇರವಾಗಿ ಮರವಂತೆಗೆ. ಕುಳ್ಳಗಿನ ಆಳು, ತಲೆಗೊಂದು ಟೊಪ್ಪಿ, ಹಣೆಯಲ್ಲಿ ಇನ್ನೂ ಒಣಗದ ಕುಂಕುಮ. ಅವರ ಇಂಗ್ಲಿಷು ಮಲಯಾಳದಂತೆಯೇ ಕೇಳಿಸುತ್ತಿತ್ತು. ಮಾತು ತಿಳಿಸಿ ಹೇಳಲು ಸೀತು ನನ್ನನ್ನು ಬರಹೇಳಿದ್ದಳು. ಓಮನಾ ಹೆಚ್ಚು ಮಾತಾಡುವವರೂ ಅಲ್ಲ. ಮರವಂತೆಯ ದೇವಸ್ಥಾನದ ಎದುರಿನಿಂದ ತ್ರಾಸಿ ಕಡೆಯ ಕಲ್ಲುರಾಶಿಯವರೆಗೆ ಓಡಿ ಹಿಂದೆ ಬರಬೇಕು ಎಂದಷ್ಟೇ ಹೇಳಿ, ಕೈಯಲ್ಲಿ ಗಡಿಯಾರ ಹಿಡಿದು ನಿಂತರು.

ಮೋಕ್ಷಿತಾ ಹೋಗಿ ತಿರುಗಿ ಬರುತ್ತಿದ್ದಳು. ಆ ದಿನವೂ ಬಲೆ ಬಿಟ್ಟಿದ್ದರು. ಆ ದಿನವೂ ಚಂದಯ್ಯ ಕರೆದ. ಅವಳು ನಿಂತು ಹಗ್ಗ ಹಿಡಿದಳು.

ಊರಿನವರೆಲ್ಲ ಓಮನಾರ ಕಡೆಗೆ ನೋಡಿದರು, ಇವರು ಯಾವಾಗ ಬೂಟು ಬಿಚ್ಚುತ್ತಾರೆ ಎಂಬಂತೆ. ಅವರು ಬೂಟು ಬಿಚ್ಚಲಿಲ್ಲ. ನಿಧಾನವಾಗಿ ನಡೆದು ಬಂದು ನನ್ನೊಡನೆ, "ಇವಳು ಕೈ ಹಾಕದಿದ್ದರೆ ಬಲೆ ದಡಕ್ಕೆ ಬರುವುದಿಲ್ಲವೇ, ಕೇಳಿ" ಎಂದರು.

ನಾನು ಕೇಳಿದೆ.

"ಬತ್ತ್. ಬಾರ್ದೆ ಎಂತ?" ಎಂದ ಚಂದಯ್ಯ. "ಆದ್ರೂ ಕೈ ಕೊಡ್ಕ್ ಅಲ್ದಾ?"

"ಹಾಗಾದರೆ ಇವಳು ಮೊದಲಿನಿಂದ ಓಡಲಿ" ಎಂದರು ಓಮನಾ.

ಬಿಸಿಲು ಏರಿತ್ತು. ಮರಳು ಕಾದಿತ್ತು. ಸೀತುವಿಗೆ ಸಿಟ್ಟು ನೆತ್ತಿಗೇರಿತು. "ಇದ್ ಎಂತ ಹೆಂಗ್ಸ್ ಮಾರಾಯ್ರೆ! ದೇವ್ರ್ ಕಂಡ್ಕಂಡ್ ಬಂದವ್ರಿಗೆ ಒಂಚೂರ್ ಕರುಣೆ ಬ್ಯಾಡ್ದಾ? ನೀವ್ ಹೇಳಿ ಟೀಚರ್ರೆ ಅವ್ರಿಗೆ!"

ನಾನು ಅದನ್ನು ತುಸು ಮೆತ್ತಗೆ ಮಾಡಿ ಹೇಳಿದೆ. ಓಮನಾ ತಮ್ಮ ನೀರಿನ ಬಾಟಲಿಯನ್ನು ಹುಡುಗಿಗೆ ಕೊಟ್ಟು, ಅವಳು ಕುಡಿದು ಮುಗಿಸುವವರೆಗೆ ಕಾದು, ದೇವಸ್ಥಾನದ ಕಡೆಗೆ ಕೈ ತೋರಿಸಿದರು.

ಎರಡನೆಯ ಸಲ ಅವಳು ಹಿಂದೆ ಬರುವ ಹೊತ್ತಿಗೆ ಬಲೆಯ ನಡುಭಾಗ ದಡಕ್ಕೆ ಹತ್ತಿರವಾಗಿತ್ತು. ಮೀನೆಲ್ಲ ಒಂದೆಡೆ ಸೇರಿ ಭಾರವಾಗುವ, ಇದ್ದಬದ್ದ ಕೈಗಳೆಲ್ಲ ಬೇಕಾಗುವ ಹೊತ್ತು ಅದು. ಚಂದಯ್ಯ ಹಟದಿಂದಲೇ ಇನ್ನೂ ದೊಡ್ಡದಾಗಿ ಕೂಗಿದ. "ಮೋಕ್ಷೀ! ಕೇಂತಿಲ್ಯಾ ನಿಂಗೆ? ಬಾ ಇಲ್ಲ್!"

ಅವಳ ಹೆಜ್ಜೆ ಸಡಿಲವಾಯಿತು. ಹಗ್ಗದ ಕಡೆಗೆ ನೋಡಿದಳು, ಅಷ್ಟರಲ್ಲಿ ತಾನೂ ಹೋಗಿ ಹಗ್ಗ ಹಿಡಿದಿದ್ದ ತಾಯಿಯ ಕಡೆಗೆ ನೋಡಿದಳು. ಆಗ ಓಮನಾ ಒಂದೇ ಮಾತು ಹೇಳಿದರು: "ಓಡ್, ಮೋಳೇ!"

ಓಡು ಮಗಳೇ ಎಂಬ ಆ ಮಲಯಾಳದ ಮಾತನ್ನು ನಾನು ತಿಳಿಸಿ ಹೇಳಬೇಕಾಗಲಿಲ್ಲ. ಮೋಕ್ಷಿತಾ ತಲೆ ತಗ್ಗಿಸಿಕೊಂಡು ಹಗ್ಗ ಎಳೆಯುವವರನ್ನೆಲ್ಲ ದಾಟಿ ಹೋದಳು. ನಾನು ಕಂಡ ಹಾಗೆ ಆ ಹುಡುಗಿ ಯಾರೋ ಕರೆದಾಗ ನಿಲ್ಲದೆ ಹೋದದ್ದು ಅದೇ ಮೊದಲು. ಹಿಂದಿನಿಂದ ಯಾರೋ "ಸೊಕ್ಕ್" ಎಂದರು. ಚಂದಯ್ಯ ಮತ್ತೆ ಹಗ್ಗಕ್ಕೆ ಬಗ್ಗಿದ.

ಆ ಮೇಲೆ ಕೆಲವು ದಿನ ಸೀತು ನಮ್ಮ ಜಗಲಿಗೆ ಬರಲಿಲ್ಲ. ಬೆಕ್ಕು ಕಾದು ಕಾದು ಹೋಗುತ್ತಿತ್ತು. ಬಂದ ದಿನ ಜತೆಯಲ್ಲಿ ಮಗಳಿದ್ದಳು.

"ಕೇಣಿ ಟೀಚರ್ರೆ, ಕೇರಳಕ್ಕೆ ಹೋಯ್ಕ್ ಅಂಬ್ರ್ ಇವ್ಳಿಗೆ. ಬುದ್ಧಿ ಹೇಳಿ."

ನನ್ನ ಮನಸ್ಸೂ ಗುರುಪ್ರಸಾದರ ಕಡೆಗೇ ಇತ್ತು. ಆದರೂ ಹುಡುಗಿ ಏನು ಹೇಳುತ್ತಾಳೋ ಕೇಳೋಣವೆಂದು ಅವಳ ಕಡೆಗೆ ತಿರುಗಿದೆ. ಮೋಕ್ಷಿತಾ ಜಗಲಿಯ ಕಂಬಕ್ಕೆ ಒರಗಿ ನಿಂತು ಹೇಳಿದಳು.

"ಗುರುಪ್ರಸಾದ್ ಸರ್ ಒಳ್ಳೆವ್ರ್, ಟೀಚರ್ರೆ. ಅಲ್ಲ್ ನಂಗ್ ಸುಖ. ಆರೆ ನಾ ನಿಂತ್ರೆ ಅವ್ರೂ ನನ್ನ್ ಒಟ್ಟಿಗೆ ನಿಲ್ತ್ರ್. ಈ ಮೇಡಂ ನಿಲ್ಲುಕೆ ಬಿಡುದಿಲ್ಲೆ."

"ನಿಂತ್ರೆ ಎಂತ ಆತ್ತ್? ನಿಂಗ್ ಮನಿ ಬ್ಯಾಡ್ದಾ?" ಎಂದಳು ಸೀತು.

"ಬೇಕ್ ಅಮ್ಮ. ಬೇಕಾದ್ದಕ್ಕೇ ನಿಲ್ಲುದ್ ಅಲ್ದಾ? ನೀ ಕರುದ್ರೆ ನಿಲ್ತೆ, ಅಜ್ಜಿ ಕರುದ್ರೆ ನಿಲ್ತೆ, ಚಂದಯ್ಯಜ್ಜ ಕರುದ್ರೆ ನಿಲ್ತೆ. ಹತ್ರ ಇದ್ರೆ ನಾ ನಿಂತೇ ನಿಲ್ತೆ. ಒಂದ್ಸಲ ಕಡೆ ತನ್ಕ ಓಡಿ ಕಾಣ್ಕ್ ನಂಗೆ. ನನ್ನಿಂದ ಎಷ್ಟ್ ಆತ್ತ್ ಅಂತಾದ್ರೂ ಗೊತ್ತಾಯ್ಕ್."

ಸೀತು ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು. ಸೆರಗಿನಿಂದ ಮುಖ ಒರಸಿಕೊಂಡಳು. ಬಿಸಿಲಿನ ಬೆವರೋ ಬೇರೆಯದೋ ತಿಳಿಯಲಿಲ್ಲ. ಆಮೇಲೆ ಹೇಳಿದಳು: "ಹಾಂಗಾರೆ ಗುರುಪ್ರಸಾದ್ ಸರಿಗೆ ನೀನೇ ಹೋಯಿ ಹೇಳ್. ಫೋನಂಗೆ ಹೇಳುಕಾಗ. ನಮ್ಮ್ ಹಗ್ಗ ಎಳ್ದವ್ರ್ ಅವ್ರ್."

ಹಾಗೆ ನಾವು ಮೂವರೂ ಸಾಲಿಗ್ರಾಮಕ್ಕೆ ಹೋದೆವು. ಗುರುಪ್ರಸಾದರ ಮನೆಯವರು ತಲೆತಲಾಂತರದಿಂದ ದೇವಸ್ಥಾನದ ಸೇವೆಯಲ್ಲಿದ್ದವರು. ಅವರ ಹೆಂಡತಿ ಶ್ರೀವಾಣಿ ಬೆಲ್ಲ, ನೀರು ತಂದಿಟ್ಟರು. ಅದನ್ನು ಮುಟ್ಟದೆ ಮೋಕ್ಷಿತಾ ನಿಂತುಕೊಂಡೇ ವಿಷಯ ಹೇಳಿದಳು. ಗುರುಪ್ರಸಾದರ ಮುಖ ಬಾಡಿದ್ದನ್ನು ನಾನು ಕಂಡೆ. ಅವಳಿಗಾಗಿ ಹಾಸ್ಟೆಲಿನಲ್ಲಿ ಕೋಣೆಯನ್ನೂ ನೋಡಿಟ್ಟಿದ್ದರಂತೆ.

"ಆ ಮೇಡಂ ಎರಡ್ ಸಲ ಓಡ್ಸ್ರ್ ಅಂಬ್ರ್, ಹೌದಾ?" ಎಂದು ಕೇಳಿದರು ಕೊನೆಗೆ.

"ಹೌದ್ ಸರ್."

"ಎರಡ್ನೇ ಸಲ ಹ್ಯಾಂಗಾಯ್ತ್?"

"ಕಾಲ್ ಸುಟ್ಟ್ ಹೋಯ್ತ್ ಸರ್. ಚಂದಯ್ಯಜ್ಜನ ಮುಖ ಕಾಂಬುಕಾಯ್ಲಿಲ್ಲೆ. ಆರೆ ಹೋಯಿ ಮುಟ್ಟುವ ಹೊತ್ತಿಗೆ..." ಅಷ್ಟು ಹೇಳಿ ನಕ್ಕುಬಿಟ್ಟಳು.

ಗುರುಪ್ರಸಾದರು ಅಂಗಳದ ಕಡೆಗೆ ನೋಡುತ್ತ ಹೇಳಿದರು: "ನಾನೂ ಓಡ್ತಿದ್ದೆ, ನಿನ್ನ್ ಪ್ರಾಯದಂಗೆ. ಮೈಸೂರಿನ ಶಿಬಿರಕ್ಕೆ ಆಯ್ಕೆ ಆಯಿದ್ದೆ. ಅಪ್ಪಯ್ಯನಿಗೆ ಹುಷಾರಿಲ್ಲೆ, ದೇವಸ್ಥಾನದ ಕೆಲ್ಸಕ್ಕೆ ಜನ ಇಲ್ಲೆ ಅಂತ ಒಂದ್ ವಾರಕ್ಕೆ ಬಂದೆ. ಶಿಬಿರದವ್ರೂ 'ಪರವಾಗಿಲ್ಲ, ನಿಧಾನ ಬಾ' ಅಂದ್ರ್. ಮತ್ತೆ ಹೋಪುಕೇ ಆಯ್ಲಿಲ್ಲೆ. ಪಾಪ, ಎಲ್ಲಾ ಒಳ್ಳೆವ್ರೇ. ಬೈವವ್ರ್ ಒಬ್ರೂ ಇರ್ಲಿಲ್ಲೆ." ಮತ್ತೆ ಅವಳ ಕಡೆಗೆ ತಿರುಗಿ, ತರಬೇತುದಾರರ ದನಿಯಲ್ಲಿ, "ಅಲ್ಲ್ ಗುಡ್ಡ ಜಾಸ್ತಿ. ಮರಳಂಗೆ ಪಳಗಿದ್ ಕಾಲಿಗೆ ಮೊದ್ಲ್ ಮೊದ್ಲ್ ನೋವಾತ್ತ್, ಹೆದ್ರ್ ಬ್ಯಾಡ. ಬೆಲ್ಲ ತಿನ್ನ್ ಈಗ" ಎಂದರು.

ಮೋಕ್ಷಿತಾ ಕೇರಳದಲ್ಲಿ ಓದಿದ ವರ್ಷಗಳಲ್ಲಿ ಊರಿಗೆ ಬಂದದ್ದು ಬಹಳ ಕಡಿಮೆ. ಸೀತು ನಮ್ಮ ಜಗಲಿಯಲ್ಲಿ ಕುಳಿತು ಫೋನಿನಲ್ಲಿ ಮಗಳೊಡನೆ ಮಾತಾಡುವಾಗ, "ಎಂತ ಉಂಡೆ, ಆ ಹೆಂಗ್ಸ್ ಇವತ್ತೂ ಬೈತಾ" ಎಂದು ಕೇಳುವುದು ನನಗೆ ಬಾಯಿಪಾಠವಾಗಿತ್ತು. ಕೊನೆಯ ವರ್ಷ, ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಗುಡ್ಡಗಾಡು ಓಟಕ್ಕೆ ಇನ್ನೇನು ಎರಡು ದಿನವಿದೆ ಎನ್ನುವಾಗ, ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿಯಿತು. ಸೀತು ಅವರನ್ನು ಕುಂದಾಪುರದ ಆಸ್ಪತ್ರೆಗೆ ಸೇರಿಸಿದಳು. ನಾನು ನೋಡಲು ಹೋದಾಗಲೇ ಮೋಕ್ಷಿತಾಳ ಫೋನು ಬಂತು.

"ಅಜ್ಜಿಯಾ? ಮನ್ಕಂಡಿತ್ತ್. ಆರಾಮ್ ಇತ್ತ್" ಎಂದಳು ಸೀತು, ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು. ಫೋನು ಇಟ್ಟ ಮೇಲೆ ನನ್ನ ಮುಖ ನೋಡಿ, "ಹೇಳ್ರೆ ಅದ್ ಈಗ್ಲೇ ರೈಲ್ ಹತ್ತತ್ತ್ ಟೀಚರ್ರೆ. ಓಡಿ ಆಯ್ಲಿ" ಎಂದಳು.

ಓಟದಲ್ಲಿ ಮೋಕ್ಷಿತಾ ನಾಲ್ಕನೆಯವಳಾದಳು. ಊರಿಗೆ ಬಂದು ವಿಷಯ ತಿಳಿದಾಗ ತಾಯಿಯ ಮೇಲೆ ಮುನಿಸಿಕೊಂಡು, ಮಾತು ಬಿಟ್ಟು, ಅಜ್ಜಿಯ ಕಾಲ ಬುಡದಲ್ಲೇ ಕುಳಿತಿದ್ದಳಂತೆ. ಅಜ್ಜಿ ಮಾತ್ರ ಇನ್ನೂ ಎರಡು ಮಳೆಗಾಲ ಕಂಡರು. ಈಗ ಮೋಕ್ಷಿತಾ ಬೈಂದೂರಿನ ಒಂದು ಶಾಲೆಯಲ್ಲಿ ಆಟದ ಟೀಚರ್. ಅವಳು ಬಹಳ ಬೈಯುತ್ತಾಳೆ ಎಂದು ಮಕ್ಕಳ ದೂರು ನನ್ನ ಕಿವಿಗೂ ಬಿದ್ದಿದೆ.

ಸೀತುವಿನ ಮಂಡಿ ನೋಯುತ್ತದೆ. ಆದರೂ ತಲ್ಲೂರಿಗೆ ಬರುವುದನ್ನು ಬಿಟ್ಟಿಲ್ಲ. ಮೊನ್ನೆ ನಮ್ಮ ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸಿಗೆ ಬಂಗುಡೆ ತೋರಿಸುತ್ತ, ಮಗಳು ಇಡೀ ಇಂಡಿಯಾಕ್ಕೆ ನಾಲ್ಕನೆಯವಳಾದ ಕತೆ ಹೇಳುತ್ತಿದ್ದಳು. ಆ ಹೆಂಗಸು, "ನಾಲ್ಕನೇದಾ? ಹಾಂಗಾರೆ ಪದಕ ಗಿದಕ ಇಲ್ಲೆ?" ಎಂದು ಕೇಳಿದರು.

"ಪದಕ ಇಲ್ಲೆ" ಎಂದಳು ಸೀತು. "ಆರೆ ನಡುವಂಗೆ ನಿಲ್ಲಿಲ್ಲೆ. ನಿಮ್ಗೆ ಬಂಗ್ಡೆ ಬೇಕಾ ಬ್ಯಾಡ್ದಾ, ಅದ್ ಹೇಳಿ."