ಅನ್ನಪೂರ್ಣೆಗೆ ನಾನು ಕೊಡಿಸಿದ ಮುಖ

ಚಳ್ಳಕೆರೆಯಲ್ಲಿ ಬೆಳಿಗ್ಗೆ ಎಂಟೂವರೆಯ ಸರ್ಕಾರಿ ಬಸ್ಸು ಹತ್ತಿದೆ. ಮೊಳಕಾಲ್ಮೂರು ಅಲ್ಲಿಂದ ಐವತ್ತು ಚಿಲ್ಲರೆ ಕಿಲೋಮೀಟರು. ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ರೂಪಾಯಿಯ ಚೀಟಿ ಕೈಗೆ ಬರುತ್ತದೆ. ತೊಡೆಯ ಮೇಲಿನ ಚೀಲದಲ್ಲಿ ಗೇಣುದ್ದದ ಹಿತ್ತಾಳೆ ಅನ್ನಪೂರ್ಣೆ ಹಳೆ ಸೀರೆಯ ತುಂಡು ಸುತ್ತಿಕೊಂಡು ಕೂತಿದ್ದಳು. ಚೀಲ ಮೇಲಿಡಿ ಎಂದ ಕಂಡಕ್ಟರಿಗೆ ಒಳಗೆ ದೇವರಿದೆ ಎಂದೆ. ಹಾಗಾದರೆ ಅವರ ಆಧಾರ್ ಕಾರ್ಡೂ ತೋರಿಸಿ ಎಂದು ನಗಿಸಿ ಮುಂದೆ ಹೋದ. ಹೋಗುವಾಗ ನನಗೆ ನಗು ಬರುವಷ್ಟು ನೆಮ್ಮದಿ ಇತ್ತು.

ವಿಗ್ರಹ ನಮ್ಮ ಅಜ್ಜಿಯದು. ಅಜ್ಜಿಯಿಂದ ಅವ್ವನಿಗೆ, ಅವ್ವ ಹೋದ ಮೇಲೆ ನನಗೆ ಬಂತು. ಕೈಯಲ್ಲಿ ಸೌಟು ಹಿಡಿದ ದೇವಿ. ಉಣ್ಣಲು ಬಂದವರಿಗೆ ಇಲ್ಲ ಅನ್ನುವ ಹೊತ್ತು ಬಾರದಿರಲಿ ಎಂದು ಒಂದು ಹಿಡಿ ಅಕ್ಕಿಯ ಮೇಲೆ ಕೂರಿಸುತ್ತೇವೆ. ಪ್ರತಿ ಸೋಮವಾರ ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ ಬೆರಳಲ್ಲೇ ತಿಕ್ಕಬೇಕು, ತೆಂಗಿನ ನಾರು ತಾಕಿಸಬಾರದು. ಹುಳಿ ನಿಂತರೆ ಹಿತ್ತಾಳೆ ಕೆಂಪಗಾಗುತ್ತದೆ. ಬೇಗ ತೊಳೆದು ಹನಿ ನೀರೂ ಉಳಿಯದಂತೆ ಒರೆಸಬೇಕು. ಹೀಗೆ ತಿಕ್ಕಿ ತಿಕ್ಕಿ ಕಣ್ಣು, ಮೂಗು, ಬಾಯಿ ಎಲ್ಲ ಸವೆದಿದ್ದವು. ಮುಖವಿದ್ದ ಜಾಗದಲ್ಲಿ ಹೆಬ್ಬೆರಳು ಕೂರುವಷ್ಟು ನುಣ್ಣನೆಯ ತಗ್ಗು ಉಳಿದಿತ್ತು.

ಮೊಳಕಾಲ್ಮೂರಿಗೆ ಕೊಟ್ಟಿರುವ ಚಿಕ್ಕವ್ವ, ಅಂದರೆ ಅವ್ವನ ತಂಗಿ, ಶ್ರಾವಣಕ್ಕೆ ದೇವಿಯನ್ನು ತಂದುಕೊಡು ಎಂದು ಫೋನು ಮಾಡಿದ್ದಳು. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಹೋಗಿ ಎರಡು ವರ್ಷ. "ಒಂದು ತಿಂಗಳು ಸಾಕು ಕಣೇ. ಇನ್ನೊಂದ್ಸಲ ನನ್ ಕೈಯಾಗೆ ತಿಕ್ಕಿ ಕೊಡ್ತೀನಿ" ಎಂದಳು. ಸುಮ್ಮನೆ ಒಯ್ದು ಕೊಡಬಹುದಿತ್ತು. ಆದರೆ ಬೀಗರೊಬ್ಬರು ಹಿಂದೊಮ್ಮೆ ನಿಮ್ಮ ದೇವರಿಗೆ ಮುಖವೇ ಇಲ್ಲವಲ್ಲ ಎಂದದ್ದು ನನ್ನನ್ನು ಚುಚ್ಚುತ್ತಲೇ ಇತ್ತು. ಪೇಟೆಯ ಪಾತ್ರೆ ಅಂಗಡಿಗೆ ಕೊಟ್ಟೆ. ಅಂಗಡಿಯವನು ತಗ್ಗಿಗೆ ಹಿತ್ತಾಳೆ ತುಂಬಿ, ಕಣ್ಣು ಮೂಗು ತುಟಿ ಕೊರೆದು, ಮಷಿನ್ನಿಗೆ ಹಿಡಿದು ಫಳಫಳ ಹೊಳೆಸಿಕೊಟ್ಟ.

ತಳಕು ದಾಟುವವರೆಗೂ ಆಷಾಢದ ಗಾಳಿ ಬಸ್ಸಿನೊಳಗೆ ಧೂಳು ತುಂಬುತ್ತಲೇ ಇತ್ತು. ಹಾನಗಲ್ಲಿನಲ್ಲಿ ನಿಂತಾಗ ಇಳಿದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಮೊಳಕಾಲ್ಮೂರು ತಲುಪಿದಾಗ ಹತ್ತೂಕಾಲು. ಮಗ್ಗದ ಬೀದಿಗೆ ಆಟೋದವನು ಮೂವತ್ತು ರೂಪಾಯಿ ತೆಗೆದುಕೊಂಡ.

ಚಿಕ್ಕವ್ವ ಪಡಸಾಲೆಯಲ್ಲಿ ಕಾಯುತ್ತಿದ್ದಳು. ಪಕ್ಕದಲ್ಲಿ ಬಟ್ಟಲ ತುಂಬ ಹುಣಸೆಹಣ್ಣು ನೆನೆದಿತ್ತು. ನೇಯುವುದನ್ನು ಬಿಟ್ಟು ಬಂದ ಪಕ್ಕದ ಮನೆಯ ತೆಲುಗು ಹೆಂಗಸು ದೇವಿಯನ್ನು ನೋಡಿ "ಮುಖಂ ಎಂತ ಬಾಗುಂದಿ", ಮುಖ ಎಷ್ಟು ಚೆನ್ನಾಗಿದೆ ಎಂದು ಕೈಮುಗಿದಳು. ನಾನು ಹಿಗ್ಗಿಹೋದೆ. ಚಿಕ್ಕವ್ವ ವಿಗ್ರಹವನ್ನು ಮಡಿಲಿಗೆ ಹಾಕಿಕೊಂಡಳು. ಅವಳ ಹೆಬ್ಬೆರಳು ನೇರವಾಗಿ ಮುಖಕ್ಕೆ ಹೋಯಿತು, ಮೂಗಿಗೆ ತಾಕಿ ನಿಂತಿತು. ಕೆಳಗಿಳಿದು ಸೌಟನ್ನು ಸವರಿ ಮತ್ತೆ ಮೇಲೆ ಬಂತು.

"ಸೌಟು ನಮ್ದೇ ಐತೆ. ಇದ್ಯಾರ ಮುಖನೇ ಗಿರಿಜಾ?"

ಮಾಡಿಸಿದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಕೇಳದಂತಾಯಿತು. ಅವಳು ಬೈದಿದ್ದರೆ ನಾನೂ ಅತ್ತು ಹಗುರಾಗುತ್ತಿದ್ದೆ. ಬೈಯಲಿಲ್ಲ.

"ನಮ್ಮವ್ವ, ನಿಮ್ಮವ್ವ, ನಾನು, ಎಲ್ಲಾರೂ ಅದೇ ತಗ್ಗಿನಾಗೆ ಬೆರಳಿಟ್ಟು ತಿಕ್ಕಿದ್ವಿ" ಎಂದಳು. ದೇವಿಯನ್ನು ನನ್ನ ಕೈಗಿಟ್ಟಳು. "ಈ ಮುಖ ನನ್ ಬೆರಳಿಗೆ ರೂಢಿ ಆಗೋ ಹೊತ್ತಿಗೆ ನಾನಿರಲ್ಲ. ನೀನೇ ಇಟ್ಕೋ."

ಉಣ್ಣದೆ ಹೋಗಬಾರದು ಎಂದು ಸೊಸೆಗೆ ಹೇಳಿ ಮುದ್ದೆ ಮಾಡಿಸಿದಳು. ನೆನೆದಿದ್ದ ಹುಣಸೆಹಣ್ಣು ಸಾರಿಗೆ ಹೋಯಿತು. ರುಚಿಯಾಗಿಯೇ ಇತ್ತು, ನಾನು ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟೆ.

ಎರಡೂವರೆಯ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಬೀಗರನ್ನು ಶಪಿಸಿದೆ. ಆದರೆ ಅವರು ಆಡಿದ್ದು ಒಂದು ಮಾತು. ದೇವಿಯನ್ನು ಅಂಗಡಿಗೆ ಹೊತ್ತುಕೊಂಡು ಹೋದವಳು ನಾನು. ಚಳ್ಳಕೆರೆಯಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಆ ಅಂಗಡಿಗೇ ಹೋದೆ. ಇದನ್ನು ಮೊದಲಿನಂತೆ ಮಾಡಲಾಗುತ್ತದೆಯೇ ಎಂದು ಕೇಳಿದೆ. ಅವನು ವಿಗ್ರಹವನ್ನು ತಿರುಗಿಸಿ ನೋಡಿದ.

"ಸವೆಸಬೇಕು, ಅಷ್ಟೇ ಅಲ್ವೇನ್ರಮ್ಮ? ಮಷಿನ್ನಿಗೆ ಹಿಡಿದ್ರೆ ಹತ್ತು ನಿಮಿಷದ ಕೆಲಸ. ಕೂತ್ಕಳ್ರಿ" ಎಂದು ಸ್ಟೂಲು ಎಳೆದು ಕೊಟ್ಟ.

ನಾನು ಕೂರಲಿಲ್ಲ. ಅವನ ಕೈಯಿಂದ ಅನ್ನಪೂರ್ಣೆಯನ್ನು ಇಸಿದುಕೊಂಡು ಮನೆಗೆ ನಡೆದೆ.